ಗುಲ್ಮಾರ್ಗ್‌ನ ಹಿಮದಲ್ಲಿ ಮೊದಲ ಸಲ: ಯಾವುದನ್ನು ಯಾವಾಗ, ಹೇಗೆ ಮಾಡಬೇಕು

ಚಳಿಗಾಲದಲ್ಲಿ ಕಾಶ್ಮೀರಕ್ಕೆ ಹೋಗುವ ನಮ್ಮ ಕಡೆಯವರಲ್ಲಿ ಅನೇಕರು ಬೆಳಿಗ್ಗೆ ಶ್ರೀನಗರದಿಂದ ಹೊರಟು, ಗುಲ್ಮಾರ್ಗ್ ನೋಡಿ, ಸಂಜೆಗೆ ಮರಳುತ್ತಾರೆ. ಹೀಗೆ ಮಾಡಿದರೆ ಅರ್ಧ ದಿನ ರಸ್ತೆಯಲ್ಲಿಯೂ ಉಳಿದರ್ಧ ಬೆಟ್ಟ ಹತ್ತಿಸುವ ಕೇಬಲ್ ಕಾರ್ ಆದ ಗೊಂಡೋಲಾದ ಸಾಲಿನಲ್ಲಿಯೂ ಕಳೆದುಹೋಗುತ್ತದೆ. ಬಾರಾಮುಲ್ಲಾ ಜಿಲ್ಲೆಯಲ್ಲಿ, ಸುಮಾರು 2,650 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಕನಿಷ್ಠ ಮೂರು ರಾತ್ರಿ ತಂಗುವುದು ಒಳ್ಳೆಯದು. ಇಲ್ಲಿ ದಿನಚರಿಯನ್ನು ನಿರ್ಧರಿಸುವುದು ಹವಾಮಾನವೇ ಆದ್ದರಿಂದ, ಒಂದು ದಿನ ಕೈಕೊಟ್ಟರೂ ಇನ್ನೊಂದು ದಿನ ಕೈಯಲ್ಲಿರಬೇಕು.

ಮೊದಲು ಕಾಲವನ್ನು ಆರಿಸಿಕೊಳ್ಳಿ. ಡಿಸೆಂಬರ್ 21ರಿಂದ ಆರಂಭವಾಗುವ ಕಡುಚಳಿಯ ನಲವತ್ತು ದಿನಗಳನ್ನು ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುತ್ತಾರೆ. ಮೆಡಿಟರೇನಿಯನ್ ಕಡೆಯಿಂದ ತೇವ ಹೊತ್ತು ಬರುವ ವಾಯುಭಾರ ಕುಸಿತಗಳು ಪೀರ್ ಪಂಜಾಲ್ ಶ್ರೇಣಿಗೆ ಬಡಿದಾಗ ಇಲ್ಲಿ ಹಿಮ ಬೀಳುತ್ತದೆ. ಅವು ಬಾರದಿದ್ದರೆ ಎಷ್ಟೇ ಚಳಿಯಿದ್ದರೂ ಹಿಮವಿಲ್ಲ. 2024ರ ಜನವರಿಯಲ್ಲಿ ತಿಂಗಳ ಕೊನೆಯವರೆಗೂ ಗುಲ್ಮಾರ್ಗ್‌ನ ಇಳಿಜಾರುಗಳು ಬರಿದಾಗಿಯೇ ಇದ್ದವು. ಆದ್ದರಿಂದ ಕ್ರಿಸ್‌ಮಸ್ ರಜೆಗಿಂತ ಜನವರಿಯ ಕೊನೆಯಿಂದ ಫೆಬ್ರುವರಿ ಮುಗಿಯುವವರೆಗಿನ ಅವಧಿ ಹೆಚ್ಚು ಭರವಸೆಯದು.

ಹೊರಡುವ ಮುನ್ನ ಗಮನಿಸಬೇಕಾದ ಸಣ್ಣ ವಿಷಯವೊಂದಿದೆ: ಹೊರರಾಜ್ಯಗಳ ಪ್ರಿಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ತಂಡದಲ್ಲಿ ಒಬ್ಬರಲ್ಲಾದರೂ ಪೋಸ್ಟ್‌ಪೇಯ್ಡ್ ಸಂಪರ್ಕವಿರಲಿ. ಶ್ರೀನಗರದಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್. ಹಿಮ ಬಿದ್ದಿರುವಾಗ ಸಾಮಾನ್ಯ ಟ್ಯಾಕ್ಸಿ ತಂಗ್‌ಮಾರ್ಗ್‌ನಲ್ಲೇ ನಿಲ್ಲುತ್ತದೆ. ಅಲ್ಲಿಂದ ಮೇಲಿನ ಹದಿಮೂರು ಕಿಲೋಮೀಟರ್ ಏರುದಾರಿಗೆ ಚಕ್ರಗಳಿಗೆ ಸರಪಳಿ ಬಿಗಿದ ಅಥವಾ ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲವಿರುವ ಸ್ಥಳೀಯ ವಾಹನವನ್ನು ಹಿಡಿಯಬೇಕಾಗುತ್ತದೆ. ಈ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಹೊರಡಿ.

ರಾತ್ರಿಯ ತಾಪಮಾನ ಮೈನಸ್ 10 ಡಿಗ್ರಿಗಿಂತ ಕೆಳಗಿಳಿಯುವುದೂ ಉಂಟು. ಒಂದು ದಪ್ಪ ಸ್ವೆಟರ್‌ಗಿಂತ ಮೂರು ಪದರ ಲೇಸು: ಮೈಗೆ ಅಂಟಿದಂತಿರುವ ಥರ್ಮಲ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಎಲ್ಲಕ್ಕಿಂತ ಹೊರಗೆ ಗಾಳಿ ಮತ್ತು ನೀರನ್ನು ತಡೆಯುವ ಜಾಕೆಟ್. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿಯ ಬನಿಯನ್ ಇಲ್ಲಿ ಬೇಡ. ಹಿಮದಿಂದ ಪ್ರತಿಫಲಿಸುವ ಬಿಸಿಲು ಕಣ್ಣಿಗೂ ಚರ್ಮಕ್ಕೂ ಕೆಡುಕಾದ್ದರಿಂದ ಕಪ್ಪು ಕನ್ನಡಕ ಮತ್ತು ಸನ್‌ಸ್ಕ್ರೀನ್ ಅಗತ್ಯ. ಗಮ್‌ಬೂಟು ಬಾಡಿಗೆಗೆ ದೊರೆಯುತ್ತದೆ. ಕಾಲುಚೀಲ ಮಾತ್ರ ನಿಮ್ಮದೇ ಇರಲಿ.

ಮೊದಲ ದಿನವನ್ನು ಊರಿನ ನಡುವಿನ ಬಟ್ಟಲಿನಾಕಾರದ ಬಯಲಿನಲ್ಲಿಯೇ ಕಳೆಯಬೇಕು. ಬೇಸಿಗೆಯಲ್ಲಿ ಗಾಲ್ಫ್ ಮೈದಾನವಾಗಿರುವ ಆ ಬಯಲಿನಲ್ಲಿ ನಡೆದಾಡುತ್ತಾ ಎತ್ತರಕ್ಕೂ ಚಳಿಗೂ ದೇಹ ಒಗ್ಗಿಕೊಳ್ಳಲಿ. ಅಲ್ಲಿ ಮರದ ಸ್ಲೆಜ್ ಬಂಡಿಯವರು ಸುತ್ತುವರಿಯುತ್ತಾರೆ. ಇನ್ನೊಬ್ಬ ಮನುಷ್ಯ ಎಳೆಯುವ ಬಂಡಿಯಲ್ಲಿ ಕೂರಲು ಕೆಲವರಿಗೆ ಮುಜುಗರವಾಗುವುದು ಸಹಜವೇ, ಆದರೆ ಅದು ಅವರ ಚಳಿಗಾಲದ ದುಡಿಮೆ. ದರವನ್ನೂ ದೂರವನ್ನೂ ಮೊದಲೇ ಮಾತನಾಡಿಕೊಂಡು, ಏರುವಾಗ ನಡೆದುಹೋಗಿ ಇಳಿಯುವಾಗ ಮಾತ್ರ ಕೂತರೆ ಇಬ್ಬರಿಗೂ ಹಿತ.

ಎರಡನೆಯ ದಿನ ಸ್ಕೀಯಿಂಗ್. ಗಂಭೀರವಾಗಿ ಕಲಿಯುವವರಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಅಧೀನದಲ್ಲಿರುವ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇಲ್ಲಿಯೇ ತರಬೇತಿ ಕೋರ್ಸ್‌ಗಳನ್ನು ನಡೆಸುತ್ತದೆ. ರುಚಿ ನೋಡಬಯಸುವವರು ಒಂದು ದಿನದ ಮಟ್ಟಿಗೆ ತರಬೇತುದಾರರನ್ನು ಗೊತ್ತುಮಾಡಿಕೊಂಡು ಸಲಕರಣೆ ಬಾಡಿಗೆಗೆ ಪಡೆಯಬಹುದು. ಬೂಟಿನ ಅಳತೆಯಲ್ಲಿ ರಾಜಿ ಬೇಡ: ನೇರ ನಿಂತಾಗ ಹೆಬ್ಬೆರಳು ಬೂಟಿನ ಮುಂತುದಿಗೆ ತಾಗಬೇಕು, ಮಂಡಿ ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು. ಚಳಿಯೆಂದು ಎರಡು ಜೊತೆ ಕಾಲುಚೀಲ ಹಾಕಿದರೆ ರಕ್ತಸಂಚಾರ ಕುಗ್ಗಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಮಂಡಿಯವರೆಗಿನ ಒಂದೇ ಜೊತೆ ಸಾಕು. ಹೆಲ್ಮೆಟ್ ಕೊಡದಿದ್ದರೆ ಕೇಳಿ ಪಡೆಯಿರಿ.

ಸ್ಕೀ ಪಟ್ಟಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟು ಬೂಟನ್ನು ಸಿಕ್ಕಿಸಿಕೊಳ್ಳಬೇಕು, ಇಲ್ಲವಾದರೆ ಒಂದು ಕಾಲು ಸಿಕ್ಕಿಸುವಷ್ಟರಲ್ಲಿ ಜಾರಲು ತೊಡಗಿರುತ್ತೀರಿ. ಮಂಡಿಗಳನ್ನು ಸ್ವಲ್ಪ ಬಗ್ಗಿಸಿ, ಮಂಡಿಯ ಕೆಳಗಿನ ಕಾಲಿನ ಮುಂಬದಿ ಬೂಟಿನ ಮುಂಭಾಗವನ್ನು ಒತ್ತುವಂತೆ ನಿಲ್ಲಬೇಕು. ಇಳಿಜಾರು ಕಂಡೊಡನೆ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಮೊದಲ ದಿನದ ಬೀಳುವಿಕೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇದೇ, ಏಕೆಂದರೆ ಭಾರ ಹಿಮ್ಮಡಿಗೆ ಹೋದೊಡನೆ ಪಟ್ಟಿಗಳ ಮುಂಭಾಗ ಹಗುರಾಗಿ ಹಿಡಿತ ತಪ್ಪುತ್ತದೆ. ನಿಲ್ಲುವುದನ್ನು ಮೊದಲು ಕಲಿಯಿರಿ: ಪಟ್ಟಿಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಒಳ ಅಂಚುಗಳ ಮೇಲೆ ಭಾರ ಹಾಕಿದರೆ ವೇಗ ತಗ್ಗುತ್ತದೆ. ಅದೇ ಭಂಗಿಯಲ್ಲಿ ಬಲಗಾಲನ್ನು ಹೆಚ್ಚು ಒತ್ತಿದರೆ ಎಡಕ್ಕೂ, ಎಡಗಾಲನ್ನು ಒತ್ತಿದರೆ ಬಲಕ್ಕೂ ತಿರುಗುತ್ತೀರಿ. ಬೀಳುವುದು ಖಚಿತವೆನಿಸಿದಾಗ ಕೈಗಳನ್ನು ಹಿಂದಕ್ಕೆ ಊರದೆ, ಗುಡ್ಡದ ಮೇಲ್ಬದಿಗೆ ಪಕ್ಕಕ್ಕೆ ಕುಸಿದು ಕೂರಬೇಕು. ಹೊಸ ಹಿಮ ಮುಷ್ಟಿಯಲ್ಲಿ ಹಿಡಿದರೂ ಅಂಟದೆ ರವೆಯಂತೆ ಉದುರುವುದರಿಂದ ಅಂಥ ದಿನ ಪೆಟ್ಟಿನ ಭಯ ಕಡಿಮೆ; ರಾತ್ರಿ ಹೆಪ್ಪುಗಟ್ಟಿದ ಗಟ್ಟಿ ಹಿಮದ ಮೇಲೆ ಮಾತ್ರ ಹುಷಾರು.

ಗೊಂಡೋಲಾಕ್ಕೆ ನಿಗದಿತ ದಿನವೆಂದು ಇಟ್ಟುಕೊಳ್ಳುವುದಕ್ಕಿಂತ, ಟಿಕೆಟ್ ಸಿಗುವುದಾದರೆ ಆಕಾಶ ತಿಳಿಯಾಗುವ ದಿನವನ್ನು ಆರಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಟಿಕೆಟ್‌ಗಳು ಬೇಗ ಮುಗಿಯುವುದರಿಂದ ಮುಂಗಡ ಕಾಯ್ದಿರಿಸಬೇಕು. 1998ರಲ್ಲಿ ಆರಂಭವಾದ ಮೊದಲ ಹಂತ ಕೊಂಗ್‌ಡೋರಿಯವರೆಗೆ, 2005ರಲ್ಲಿ ಆರಂಭವಾದ ಎರಡನೆಯ ಹಂತ ಅಫರ್ವತ್ ಬೆಟ್ಟದ ಸುಮಾರು 3,950 ಮೀಟರ್ ಎತ್ತರದವರೆಗೆ ಒಯ್ಯುತ್ತದೆ. ಗಾಳಿ ಜೋರಾದರೆ ಎರಡನೆಯ ಹಂತ ನಿಲ್ಲುತ್ತದೆ, ಅದಕ್ಕಾಗಿ ಜಗಳವಾಡಿ ಪ್ರಯೋಜನವಿಲ್ಲ. ದಿನ ಶುಭ್ರವಾಗಿದ್ದರೆ ನಂಗಾ ಪರ್ಬತ್ ಕಾಣುತ್ತದೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಲಮಟ್ಟದ ಮೂರನೇ ಎರಡು ಪಾಲಿಗಿಂತಲೂ ಕಡಿಮೆ. ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಹೋಗಬೇಕು, ತಲೆನೋವು ಅಥವಾ ವಾಕರಿಕೆ ಕಾಣಿಸಿಕೊಂಡವರು ತಡಮಾಡದೆ ಕೆಳಗಿಳಿಯಬೇಕು. ಗುರುತು ಹಾಕಿದ ಗಡಿಯಾಚೆ ಹೆಜ್ಜೆಯಿಡುವುದಂತೂ ಬೇಡವೇ ಬೇಡ. 2023 ಮತ್ತು 2024ರ ಫೆಬ್ರುವರಿಗಳಲ್ಲಿ ಇದೇ ಬೆಟ್ಟದ ಹಿಮಕುಸಿತಗಳಲ್ಲಿ ವಿದೇಶಿ ಸ್ಕೀಯರ್‌ಗಳು ಪ್ರಾಣ ಕಳೆದುಕೊಂಡಿದ್ದಾರೆ.

ಸಂಜೆಯ ಮನರಂಜನೆಯೆಂದು ಹೆಚ್ಚೇನೂ ನಿರೀಕ್ಷಿಸಬೇಡಿ. ಕತ್ತಲಾದೊಡನೆ ಊರು ಬಾಗಿಲು ಹಾಕಿಕೊಳ್ಳುತ್ತದೆ. ಕೇಸರಿ ಹಾಕಿದ ಕಹ್ವಾ, ಉಪ್ಪು ಬೆರೆಸಿದ ಗುಲಾಬಿ ಬಣ್ಣದ ನೂನ್ ಚಾಯ್, ಬಿಸಿ ಕೋಣೆಯ ಹರಟೆ, ಇಷ್ಟೇ. ಕಾಶ್ಮೀರಿಗಳು ಫೆರನ್ ಎಂಬ ಸಡಿಲ ನಿಲುವಂಗಿಯೊಳಗೆ ಹಿಡಿದುಕೊಳ್ಳುವ ಕಾಂಗ್‌ಡಿ ಎಂಬ ಕೆಂಡದ ಕುಡಿಕೆಯನ್ನು ಕುತೂಹಲಕ್ಕೆ ಕೈಗೆತ್ತಿಕೊಳ್ಳಬಹುದು, ಆದರೆ ಮುಚ್ಚಿದ ಕೋಣೆಯಲ್ಲಿ ಪಕ್ಕದಲ್ಲಿಟ್ಟುಕೊಂಡು ಮಲಗುವುದು ಪ್ರಾಣಕ್ಕೇ ಅಪಾಯ. ಬಿಡುವಿದ್ದರೆ ತಂಗ್‌ಮಾರ್ಗ್ ಬಳಿ ಚಳಿಗೆ ಹೆಪ್ಪುಗಟ್ಟುವ ಡ್ರಂಗ್ ಜಲಪಾತವನ್ನು ಮರಳುವ ದಾರಿಯಲ್ಲಿ ನೋಡಬಹುದು.

ಗುಲ್ಮಾರ್ಗ್‌ನಿಂದ ಇಳಿದ ದಿನವೇ ಬೆಂಗಳೂರಿನ ವಿಮಾನಕ್ಕೆ ಟಿಕೆಟ್ ಮಾಡಬೇಡಿ. ಹಿಮ ಸುರಿದರೆ ರಸ್ತೆಯೂ ಶ್ರೀನಗರದ ರನ್‌ವೇಯೂ ಒಟ್ಟಿಗೆ ಮುಚ್ಚಬಹುದು. ನಡುವೆ ಶ್ರೀನಗರದಲ್ಲಿ ಒಂದು ರಾತ್ರಿ ಇಟ್ಟುಕೊಂಡು, ದಿನಾಂಕ ಬದಲಿಸಲು ಅವಕಾಶವಿರುವ ಟಿಕೆಟ್ ಕೊಳ್ಳಿ. ಬೆಲೆ ತುಸು ಹೆಚ್ಚಾದರೂ ಫೆಬ್ರುವರಿಯಲ್ಲಿ ಅದೇ ಸೂಕ್ತ.