ಕಂಪ್ಯೂಟರ್ ಆನ್ ಆಗ್ತಿಲ್ವಾ? ಫಾರ್ಮ್ಯಾಟ್ ಮಾಡಿಸೋ ಮುಂಚೆ ಇಷ್ಟು ನೋಡಿ

ಆರಿದ್ರೆ ಮಳೆ ಹಿಡಿದ ಮೇಲೆ ಶಿವಮೊಗ್ಗದ ಕಂಪ್ಯೂಟರ್ ರಿಪೇರಿ ಅಂಗಡಿಗಳಿಗೆ ಕೆಲಸ ಜಾಸ್ತಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಪ್ಲಾಸ್ಟಿಕ್ ಸುತ್ತಿದ ಕ್ಯಾಬಿನೆಟ್‌ಗಳು ಬಸ್ಸು ಹತ್ತಿ ಬರುತ್ತವೆ. ತಂದವರು ಹೇಳುವುದು ಒಂದೇ ಮಾತು: ‘ಆನ್ ಆಗ್ತಿಲ್ಲ, ನೋಡಿ.’ ಬಿಚ್ಚಿ ನೋಡಿದರೆ ಎಷ್ಟೋ ಸಲ ಒಳಗಿನ ಮೆಮೊರಿ ಪಟ್ಟಿಗೆ, ಅಂದರೆ ರ‍್ಯಾಮ್‌ಗೆ ಕಿಲುಬು ಹಿಡಿದಿರುತ್ತದೆ. ಇಲ್ಲವೇ ನೂರು ರೂಪಾಯಿಯೊಳಗೆ ಸಿಗುವ ಪುಟ್ಟ ಬ್ಯಾಟರಿ ಖಾಲಿಯಾಗಿರುತ್ತದೆ. ಇಷ್ಟಕ್ಕೆ ತೀರ್ಥಹಳ್ಳಿಯಿಂದ 60 ಕಿಲೋಮೀಟರ್ ಹೊತ್ತು ತರಬೇಕಾಗಿರಲಿಲ್ಲ.

ಅದಕ್ಕಿಂತ ಬೇಜಾರಿನ ಸಂಗತಿ ಇನ್ನೊಂದಿದೆ. ಅವಸರದಲ್ಲಿ ‘ಫಾರ್ಮ್ಯಾಟ್ ಮಾಡಿ, ವಿಂಡೋಸ್ ಹಾಕಿಬಿಡಿ’ ಎನ್ನುತ್ತಾರೆ. ಅಡಿಕೆ ಮಂಡಿಯ ಲೆಕ್ಕ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಕಾಗದಪತ್ರ, ಮಕ್ಕಳ ಫೋಟೊ ಎಲ್ಲ ಅದರ ಜೊತೆಗೇ ಹೋಗುತ್ತವೆ. ರ‍್ಯಾಮ್ ಕೆಟ್ಟಿದ್ದರೆ ಫಾರ್ಮ್ಯಾಟ್‌ನಿಂದ ಏನೂ ಸರಿಹೋಗುವುದಿಲ್ಲ. ಕಳೆದುಹೋದ ಫೈಲು ಮಾತ್ರ ವಾಪಸ್ ಬರುವುದಿಲ್ಲ. ಹಾಗಾಗಿ ಮೊದಲು ಕಂಪ್ಯೂಟರ್ ಎಲ್ಲಿಗೆ ಬಂದು ನಿಂತಿದೆ ಎಂದು ಕಂಡುಕೊಳ್ಳಿ.

ಕಂಪ್ಯೂಟರ್ ಶುರುವಾಗುವುದಕ್ಕೆ ಒಂದು ಕ್ರಮ ಇದೆ. ಬಟನ್ ಒತ್ತಿದಾಗ ಎಸ್‌ಎಂಪಿಎಸ್ ಎಂಬ ಪವರ್ ಡಬ್ಬಿ ಮನೆಯ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟ್‌ಗೆ ಇಳಿಸಿ ಒಳಗಿನ ಮುಖ್ಯ ಬೋರ್ಡಾದ ಮದರ್‌ಬೋರ್ಡ್‌ಗೆ ಕೊಡುತ್ತದೆ. ಮದರ್‌ಬೋರ್ಡ್ ತನ್ನ ಪ್ರೊಸೆಸರ್, ರ‍್ಯಾಮ್, ಡಿಸ್‌ಪ್ಲೇ ಸರಿ ಇವೆಯಾ ಎಂದು ಪರೀಕ್ಷಿಸುತ್ತದೆ. ಆಮೇಲೆ ಹಾರ್ಡ್ ಡಿಸ್ಕ್ ಹುಡುಕುತ್ತದೆ. ಕೊನೆಗೆ ವಿಂಡೋಸ್ ಬರುತ್ತದೆ. ಈ ನಾಲ್ಕರಲ್ಲಿ ಯಾವುದಕ್ಕೆ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಲೈಟಿಲ್ಲ, ಫ್ಯಾನಿಲ್ಲ, ಸದ್ದೇ ಇಲ್ಲ

ಮೊದಲು ಯುಪಿಎಸ್ ಮೇಲೆ ಅನುಮಾನ ಪಡಿ. ಸಣ್ಣ ಯುಪಿಎಸ್‌ನ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷ ಬಾಳುತ್ತದೆ. ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ಊರಲ್ಲಿ ಇನ್ನೂ ಬೇಗ ಸಾಯುತ್ತದೆ. ಬ್ಯಾಟರಿ ಪೂರ್ತಿ ಸತ್ತಾಗ ಗೋಡೆಯಲ್ಲಿ ಕರೆಂಟಿದ್ದರೂ ಕೆಲವು ಯುಪಿಎಸ್‌ಗಳು ಆನ್ ಆಗುವುದಿಲ್ಲ. ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್‌ಗೆ ಕೊಟ್ಟು ನೋಡಿ. ಪವರ್ ಕೇಬಲ್ ಬದಲಿಸಿ ನೋಡಿ. ಮಾನಿಟರ್‌ನ ಕೇಬಲ್ ಬಹುತೇಕ ಇದಕ್ಕೂ ಹೊಂದುತ್ತದೆ. ಕ್ಯಾಬಿನೆಟ್ ಹಿಂದೆ ಎಸ್‌ಎಂಪಿಎಸ್‌ಗೇ ಒಂದು ಸಣ್ಣ ಸ್ವಿಚ್ ಇರುತ್ತದೆ. ಕಸ ಗುಡಿಸುವಾಗ ಕೈ ತಾಗಿ ಅದು ಆಫ್ ಆಗಿರಬಹುದು.

ಇದಾದ ಮೇಲೆ ಪ್ಲಗ್ ಪೂರ್ತಿ ಕೀಳಿ. ಪವರ್ ಬಟನ್ನನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟು ಇಳಿಯುತ್ತದೆ. ಮತ್ತೆ ಪ್ಲಗ್ ಹಾಕಿ ಆನ್ ಮಾಡಿ. ವೋಲ್ಟೇಜ್ ಏರಿಳಿತಕ್ಕೆ ತಾನೇ ಲಾಕ್ ಆಗಿದ್ದ ಎಸ್‌ಎಂಪಿಎಸ್ ಹಲವು ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಆಗಲಿಲ್ಲವಾ? ಪ್ಲಗ್ ಕಿತ್ತು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಬಿಚ್ಚಿ. ನೆಲ ಒದ್ದೆಯಿದ್ದರೆ ಮೇಜಿನ ಮೇಲಿಟ್ಟುಕೊಳ್ಳಿ, ಕಾಲಿಗೆ ಒಣ ಚಪ್ಪಲಿ ಇರಲಿ. ಮೊದಲು ಸುಮ್ನೆ ಕಣ್ಣಲ್ಲೇ ನೋಡಿ. ಮಲೆನಾಡಿನ ಮನೆಯ ಕಂಪ್ಯೂಟರ್ ಒಳಗೆ ಏನಿರುತ್ತದೆಂದು ಹೇಳಲಾಗದು. ಬೆಚ್ಚಗಿದೆ ಅಂತ ಇರುವೆ ಸೇರಿಕೊಂಡಿರುತ್ತವೆ. ಇಲಿ ವೈರು ಕಡಿದಿರುತ್ತದೆ. ಕುಂಬಾರ ಹುಳ ಯುಎಸ್‌ಬಿ ತೂತಿನಲ್ಲಿ, ಫ್ಯಾನಿನ ಜಾಲರಿಯಲ್ಲಿ ಮಣ್ಣಿನ ಗೂಡು ಕಟ್ಟಿರುತ್ತದೆ. ಸತ್ತ ಹಲ್ಲಿ ಬೋರ್ಡಿಗೆ ಅಂಟಿಕೊಂಡಿದ್ದರೆ ಅದೇ ಶಾರ್ಟ್ ಸರ್ಕ್ಯೂಟ್. ಒಣ ಪೇಂಟ್ ಬ್ರಷ್‌ನಲ್ಲಿ ನಿಧಾನವಾಗಿ ಗುಡಿಸಿ. ಒದ್ದೆ ಬಟ್ಟೆ ಬೇಡ.

ಮದರ್‌ಬೋರ್ಡ್ ಮೇಲೆ ಪುಟ್ಟ ಡಬ್ಬಿಗಳ ಹಾಗೆ ನಿಂತಿರುವ ಕೆಪಾಸಿಟರ್‌ಗಳನ್ನೂ ನೋಡಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಬಣ್ಣದ ರಸ ಒಸರಿದ್ದರೆ ಬೋರ್ಡ್ ಕೆಟ್ಟಿದೆ ಎಂದೇ ತಿಳಿಯಿರಿ. ಅದು ಅಂಗಡಿಯ ಕೆಲಸ.

ಎಸ್‌ಎಂಪಿಎಸ್ ಹೋಗಿದೆಯಾ ಅಂತ ನೋಡಲು ಸುಲಭದ ದಾರಿ, ಪಕ್ಕದ ಮನೆಯದ್ದೋ ಹಳೆಯ ಕಂಪ್ಯೂಟರಿನದ್ದೋ ಎಸ್‌ಎಂಪಿಎಸ್ ತಂದು ಹಾಕಿ ನೋಡುವುದು. ಹಸಿರು ವೈರಿಗೂ ಕಪ್ಪು ವೈರಿಗೂ ತಂತಿ ಸೇರಿಸಿ ಫ್ಯಾನ್ ತಿರುಗಿಸಿ ನೋಡುವ ವಿಧಾನವೂ ಇದೆ. ಆದರೆ ಕೆಲವು ಕಂಪನಿ ಸೆಟ್‌ಗಳಲ್ಲಿ ವೈರಿನ ಜೋಡಣೆಯೇ ಬೇರೆ. ಅಭ್ಯಾಸ ಇಲ್ಲದವರಿಗೆ ನಾನು ಅದನ್ನು ಹೇಳುವುದಿಲ್ಲ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಜೀವಕ್ಕೆ ಅಪಾಯವಾಗುವಷ್ಟು ಕರೆಂಟು ಉಳಿದಿರಬಹುದು.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮಳೆಗಾಲದಲ್ಲಿ ಅತಿ ಹೆಚ್ಚು ಬರುವ ದೂರು ಇದು. ಕೀಬೋರ್ಡಿನ ನಮ್ ಲಾಕ್ ಒತ್ತಿ. ಅದರ ದೀಪ ಹೊತ್ತಿ ಆರಿದರೆ ಕಂಪ್ಯೂಟರ್ ಒಳಗೆ ಎದ್ದಿದೆ, ಚಿತ್ರ ಮಾತ್ರ ಮಾನಿಟರ್‌ಗೆ ತಲುಪುತ್ತಿಲ್ಲ. ಆಗ ಮಾನಿಟರ್ ಕೇಬಲ್ಲಿನ ಎರಡೂ ತುದಿ ಬಿಚ್ಚಿ ಹಾಕಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿನ ಎಚ್‌ಡಿಎಂಐಗೆ ಅಲ್ಲ. ಮಾನಿಟರ್‌ನ ಇನ್‌ಪುಟ್ ಕೂಡ ಸರಿಯಾದ ಕೇಬಲ್‌ಗೆ ಇದೆಯಾ ನೋಡಿ.

ನಮ್ ಲಾಕ್ ಸತ್ತಂತಿದ್ದರೆ ರ‍್ಯಾಮ್ ನೋಡಬೇಕು. ಬೋರ್ಡಿನಲ್ಲಿ ಸಣ್ಣ ಸ್ಪೀಕರ್ ಇದ್ದರೆ ಅದೇ ಹೇಳುತ್ತದೆ. ಒಂದು ಸಣ್ಣ ಬೀಪ್ ಬಂದರೆ ಸಾಮಾನ್ಯವಾಗಿ ಎಲ್ಲ ಸರಿ ಎಂದರ್ಥ. ಉದ್ದುದ್ದ ಬೀಪ್ ಮತ್ತೆ ಮತ್ತೆ ಬರುತ್ತಿದ್ದರೆ ಹೆಚ್ಚಾಗಿ ರ‍್ಯಾಮ್. ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಅನೇಕ ಬೋರ್ಡ್‌ಗಳಲ್ಲಿ ಡಿಸ್‌ಪ್ಲೇ ತೊಂದರೆ. ಬೋರ್ಡಿನಿಂದ ಬೋರ್ಡಿಗೆ ಈ ಲೆಕ್ಕ ಬದಲಾಗುತ್ತದೆ, ಅದರ ಪುಸ್ತಕ ಇದ್ದರೆ ನೋಡಿಕೊಳ್ಳಿ. ಈಚಿನ ಕೆಲವು ಬೋರ್ಡ್‌ಗಳಲ್ಲಿ ಬೀಪ್ ಬದಲು ಸಿಪಿಯು, ಡಿರ‍್ಯಾಮ್, ವಿಜಿಎ (ಡಿಸ್‌ಪ್ಲೇ), ಬೂಟ್ (ಡಿಸ್ಕ್) ಅಂತ ನಾಲ್ಕು ಪುಟ್ಟ ದೀಪ ಇರುತ್ತವೆ. ಯಾವುದು ಆರದೆ ಉಳಿಯುತ್ತದೋ ಅಲ್ಲೇ ತೊಂದರೆ.

ರ‍್ಯಾಮ್ ತೆಗೆಯುವುದು ಹೀಗೆ. ಪ್ಲಗ್ ಕಿತ್ತಿರಬೇಕು. ಕ್ಯಾಬಿನೆಟ್‌ನ ಬಣ್ಣ ಬಳಿಯದ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಇಳಿಯಲಿ. ರ‍್ಯಾಮ್ ಪಟ್ಟಿಯ ತುದಿಯ ಕ್ಲಿಪ್‌ಗಳನ್ನು ಹೊರಕ್ಕೆ ಒತ್ತಿ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ. ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ನೇರವಾಗಿ ಮೇಲೆತ್ತಿ, ಬೆಳಕಿಗೆ ಹಿಡಿಯಿರಿ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳು ಹೊಳೆಯಬೇಕು. ನಮ್ಮ ಕಡೆ ಜುಲೈ ಹೊತ್ತಿಗೆ ಅವುಗಳ ಮೇಲೆ ಮಸುಕಾದ ಒಂದು ಪೊರೆ ಕೂತಿರುತ್ತದೆ. ಕೆಲವದಕ್ಕೆ ಕಪ್ಪು ಚುಕ್ಕೆಯೂ ಬಿದ್ದಿರುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಸುತ್ತಮುತ್ತ ಗೋಡೆ, ಬಟ್ಟೆ, ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಅಲ್ಲಿ ಈ ಲೋಹ ಮಾತ್ರ ಹೊಳೆಯುತ್ತಾ ಇರುವುದಾದರೂ ಹೇಗೆ?

ಮಕ್ಕಳ ಪೆನ್ಸಿಲ್ ರಬ್ಬರ್ ತಗೊಳ್ಳಿ. ಬಿಳಿಯ ಮೆತ್ತನೆಯ ರಬ್ಬರ್ ಆಗಬೇಕು, ಇಂಕ್ ಅಳಿಸುವ ಗಡಸು ರಬ್ಬರ್ ಬೇಡ. ಹಲ್ಲುಗಳ ಮೇಲೆ ಹಗುರವಾಗಿ, ಮೇಲಿಂದ ಕೆಳಕ್ಕೆ ಎರಡೂ ಬದಿ ಉಜ್ಜಿ. ರಬ್ಬರಿನ ಚೂರನ್ನು ಬ್ರಷ್‌ನಲ್ಲಿ ತೆಗೆಯಿರಿ. ಬಾಯಲ್ಲಿ ಊದಬೇಡಿ, ಎಂಜಲಿನ ಹನಿ ಬೀಳುತ್ತದೆ. ಸ್ಲಾಟ್ ಒಳಗೂ ಒಣ ಬ್ರಷ್ ಆಡಿಸಿ. ಪಟ್ಟಿಯ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಕೂರುವಂತೆ ಇಟ್ಟು, ಎರಡೂ ತುದಿ ಒತ್ತಿ. ‘ಕಟ್’ ಎಂದು ಕ್ಲಿಪ್ ತಾನೇ ಮುಚ್ಚಬೇಕು. ಎರಡು ಪಟ್ಟಿ ಇದ್ದರೆ ಒಂದನ್ನೇ ಹಾಕಿ ಆನ್ ಮಾಡಿ, ಆಮೇಲೆ ಇನ್ನೊಂದನ್ನು ಹಾಕಿ ನೋಡಿ. ಯಾವ ಪಟ್ಟಿ, ಯಾವ ಸ್ಲಾಟ್ ಕೆಟ್ಟಿದೆ ಅಂತ ಗೊತ್ತಾಗುತ್ತದೆ.

ಆನ್ ಆಗಿ ಕೆಲವೇ ಸೆಕೆಂಡಿಗೆ ಆಫ್ ಆದರೆ ಪ್ರೊಸೆಸರ್ ಮೇಲಿನ ಫ್ಯಾನ್ ನೋಡಿ. ಅದು ತಿರುಗದಿದ್ದರೆ, ಅಥವಾ ಅದರಡಿಯ, ಶಾಖ ಹೀರುವ ಲೋಹದ ಹೀಟ್‌ಸಿಂಕ್ ಅಲುಗಾಡುತ್ತಿದ್ದರೆ, ಬಿಸಿ ಏರಿ ಕಂಪ್ಯೂಟರ್ ತಾನೇ ನಿಲ್ಲುತ್ತದೆ.

ಅಕ್ಷರ ಬರುತ್ತದೆ, ಮುಂದೆ ಹೋಗುವುದಿಲ್ಲ

‘ಎಫ್1 ಒತ್ತಿ’ ಅಂತ ದಿನಾ ಕೇಳುತ್ತದೆಯಾ? ತಾರೀಕು ಹಳೆಯ ಯಾವುದೋ ವರ್ಷಕ್ಕೆ ಹೋಗುತ್ತದೆಯಾ? ಹಾಗಾದರೆ ಬೋರ್ಡ್ ಮೇಲಿನ ಗುಂಡನೆಯ ಬ್ಯಾಟರಿ ಮುಗಿದಿದೆ. ಬಹುತೇಕ ಎಲ್ಲದರಲ್ಲೂ ಇರುವುದು ಸಿಆರ್ 2032, 3 ವೋಲ್ಟಿನದ್ದು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ತಾರೀಕು ತಪ್ಪಿದ್ದರೆ ಬ್ಯಾಂಕು, ಸರ್ಕಾರಿ ವೆಬ್‌ಸೈಟುಗಳೂ ತೆರೆಯುವುದಿಲ್ಲ. ‘ಇಂಟರ್ನೆಟ್ ಹಾಳಾಗಿದೆ’ ಅಂತ ದೂರುವವರು ಮೊದಲು ಪರದೆಯ ಮೂಲೆಯ ತಾರೀಕು ನೋಡಬೇಕು.

ಬ್ಯಾಟರಿ ತೆಗೆಯುವ ಮುಂಚೆ ಒಂದು ಕೆಲಸ ಮಾಡಿ. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯಾಸ್‌ಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಪರದೆಗೆ ಹೋಗಿ. ಬೂಟ್ ಮತ್ತು ಸಾಟಾ ಎಂದಿರುವ ಪುಟಗಳ ಫೋಟೊ ಮೊಬೈಲ್‌ನಲ್ಲಿ ತೆಗೆದಿಡಿ. ಬ್ಯಾಟರಿ ಬದಲಾದಾಗ ಇವು ಕಂಪನಿ ಸೆಟ್ಟಿಂಗ್‌ಗೆ ಮರಳಬಹುದು. ಆಗ ಚೆನ್ನಾಗಿದ್ದ ವಿಂಡೋಸ್ ಕೂಡ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಫೋಟೊ ನೋಡಿ ಮೊದಲಿನಂತೆ ಇಟ್ಟರೆ ಸರಿಹೋಗುತ್ತದೆ.

‘ನೋ ಬೂಟಬಲ್ ಡಿವೈಸ್’ ಅಂತ ಬಂದರೆ ಮೊದಲು ಸಿಕ್ಕಿಸಿಟ್ಟ ಪೆನ್‌ಡ್ರೈವ್ ಕೀಳಿ. ನಗು ಬರಬಹುದು, ಆದರೆ ತುಂಬ ಸಲ ಕಾರಣ ಇದೇ. ಆಮೇಲೆ ಹಾರ್ಡ್ ಡಿಸ್ಕಿನ ಎರಡೂ ಕೇಬಲ್ ಬಿಚ್ಚಿ ಹಾಕಿ. ಬಯಾಸ್‌ನಲ್ಲಿ ಡಿಸ್ಕಿನ ಹೆಸರು ಕಾಣುತ್ತದೆಯಾ ನೋಡಿ. ಕಂಡರೆ ಬೂಟ್ ಕ್ರಮದಲ್ಲಿ ಅದನ್ನು ಮೊದಲಿಗೆ ತನ್ನಿ. ಕಾಣದಿದ್ದರೆ, ಅಥವಾ ಡಿಸ್ಕ್ ‘ಟಿಕ್ ಟಿಕ್’ ಅಂತ ಬಡಿದುಕೊಳ್ಳುತ್ತಿದ್ದರೆ, ತಕ್ಷಣ ಆಫ್ ಮಾಡಿ. ‘ಇನ್ನೊಂದು ಸಲ ನೋಡೋಣ’ ಅನ್ನುವ ಆಸೆ ಬೇಡ. ಪ್ರತಿ ಸಲ ಆನ್ ಮಾಡಿದಾಗಲೂ ಉಳಿದ ಫೈಲುಗಳು ಇನ್ನಷ್ಟು ಹಾಳಾಗಬಹುದು.

ವಿಂಡೋಸ್ ಅರ್ಧಕ್ಕೆ ನಿಂತರೆ

ವಿಂಡೋಸ್ 10 ಮತ್ತು 11ರಲ್ಲಿ ಶುರುವಾಗುವುದು ಸತತ ಎರಡು ಮೂರು ಸಲ ತಪ್ಪಿದರೆ ರಿಪೇರಿ ಪರದೆ ತಾನೇ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ರಿಪೇರ್ ಆರಿಸಿ. ಅಪ್‌ಡೇಟ್ ನಡೆಯುವಾಗ ಕರೆಂಟು ಹೋಗಿ ಕೆಟ್ಟಿದ್ದರೆ, ಅಲ್ಲೇ ಇರುವ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್‌ನಿಂದ ಹೊಸ ಅಪ್‌ಡೇಟ್ ತೆಗೆಯಬಹುದು. ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 4 ಒತ್ತಿದರೆ ಸೇಫ್ ಮೋಡ್. ‘ರೀಸೆಟ್ ದಿಸ್ ಪಿಸಿ’ ಮಾತ್ರ ಈಗಲೇ ಮುಟ್ಟಬೇಡಿ.

ಇದ್ಯಾವುದೂ ನಡೆಯದಿದ್ದರೆ ಫೈಲು ಉಳಿಸಿಕೊಳ್ಳುವುದು ಮೊದಲ ಕೆಲಸ. ಇನ್ನೊಂದು ಕಂಪ್ಯೂಟರಿನಲ್ಲಿ ಉಬುಂಟು (ವಿಂಡೋಸ್‌ನಂಥದೇ ಇನ್ನೊಂದು ಉಚಿತ ವ್ಯವಸ್ಥೆ) ಪೆನ್‌ಡ್ರೈವ್ ಮಾಡಿಕೊಂಡು, ಅದರಿಂದ ಶುರು ಮಾಡಿ, ‘ಟ್ರೈ’ ಆರಿಸಿ. ಇನ್‌ಸ್ಟಾಲ್ ಬೇಡ. ಡಿಸ್ಕಿನ ಫೋಲ್ಡರ್‌ಗಳು ಕಾಣುತ್ತವೆ, ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸ್‌ನ ಬೀಗ ಹಾಕಿದ್ದರೆ ಅದರ ಕೀ ಬೇಕಾಗುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರಬಹುದು. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಮಾತ್ರ ಕಾಪಿ ಮಾಡಿ ಸುಮ್ಮನಾಗಬೇಡಿ. ಲೆಕ್ಕದ ತಂತ್ರಾಂಶ ಟ್ಯಾಲಿಯ ಡೇಟಾ ಫೋಲ್ಡರ್ ಬೇರೆಯೇ ಜಾಗದಲ್ಲಿರುತ್ತದೆ, ಅದನ್ನು ಹುಡುಕಿ.

ಸಿಡಿಲಿನ ವಿಷಯ

ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ, ಅಂದರೆ ಏಪ್ರಿಲ್ ಕೊನೆಯಿಂದ ಮೇ ನಾಲ್ಕನೇ ವಾರದವರೆಗೆ, ನಮ್ಮಲ್ಲಿ ಸಿಡಿಲು ಜಾಸ್ತಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಬೇಕು. ಅದಕ್ಕಿಂತ ಮುಖ್ಯವಾಗಿ, ಮೋಡೆಮ್‌ನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕೀಳಬೇಕು. ಪವರ್ ಪ್ಲಗ್ ಕಿತ್ತು ಇದನ್ನು ಮರೆಯುವವರು ತುಂಬ. ಸಿಡಿಲಿನ ಹೊಡೆತ ಮೋಡೆಮ್ ಮೂಲಕ ಬಂದು ಮದರ್‌ಬೋರ್ಡ್ ಸುಡುತ್ತದೆ. ಮನೆಗೆ ಸರಿಯಾದ ಅರ್ತಿಂಗ್ ಇಲ್ಲದಿದ್ದರೆ ಸ್ಪೈಕ್ ಗಾರ್ಡ್ ಇಟ್ಟರೂ ಹೆಚ್ಚು ಉಪಯೋಗವಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಎಂದರೆ ಅರ್ತಿಂಗ್ ಕೆಟ್ಟಿದೆ, ಎಲೆಕ್ಟ್ರಿಷಿಯನ್ ಕರೆಸಿ.

ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರ್ ಆನ್ ಮಾಡಿಡಿ, ಒಳಗಿನ ಶಾಖಕ್ಕೆ ತೇವ ಆರುತ್ತದೆ. ನೆಲದ ಮೇಲೆ, ಸೋರುವ ಗೋಡೆಗೆ ತಾಗಿಸಿ ಇಡಬೇಡಿ.

ಅಂಗಡಿಗೆ ಒಯ್ಯಲೇಬೇಕಾದರೆ ‘ಆನ್ ಆಗ್ತಿಲ್ಲ’ ಅಂತಷ್ಟೇ ಹೇಳಬೇಡಿ. ‘ಫ್ಯಾನ್ ತಿರುಗುತ್ತೆ, ನಮ್ ಲಾಕ್ ಹೊತ್ತಲ್ಲ, ರ‍್ಯಾಮ್ ಉಜ್ಜಿ ನೋಡಾಯ್ತು’ ಎಂದು ಹೇಳಿ. ಅವರ ಸಮಯವೂ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ. ತೊಂದರೆ ಎಸ್‌ಎಂಪಿಎಸ್ ಅಥವಾ ಬೋರ್ಡಿನದ್ದು ಅನ್ನಿಸಿದರೆ ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಡಿ. ಡಿಸ್ಕ್ ಸಮೇತ ಕೊಡುವುದಾದರೆ, ರಿಪೇರಿ ಚೀಟಿಯ ಮೇಲೆ ‘ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ಬರೆಸಿ, ಅದರ ಫೋಟೊ ತೆಗೆದುಕೊಂಡೇ ಅಂಗಡಿಯಿಂದ ಹೊರಡಿ.