ಕುವೈತ್‌ನಲ್ಲಿ ನಡೆಯುವುದು ಯಾರ ಕಾನೂನು? ಹೊಸದಾಗಿ ಬಂದ ಕನ್ನಡಿಗರಿಗೆ

ಕುವೈತ್‌ಗೆ ಹೊಸದಾಗಿ ಬರುವವರಲ್ಲಿ ಎರಡು ಥರದವರನ್ನು ನೋಡಿದ್ದೇನೆ. ಒಬ್ಬರು ವಿಮಾನ ಹತ್ತುವ ಮೊದಲೇ ಹೆದರಿರುತ್ತಾರೆ. ಅಲ್ಲಿ ಶರಿಯಾ ಇದೆ, ಕಳ್ಳತನಕ್ಕೆ ಕೈ ಕಡಿಯುತ್ತಾರೆ ಅಂತ ಯಾರೋ ಹೇಳಿ ಕಳಿಸಿರುತ್ತಾರೆ. ಇನ್ನೊಬ್ಬರು ಬಂದ ವಾರದಲ್ಲೇ ಮಾಲ್ ಸುತ್ತಿ, "ಇದೆಲ್ಲ ಹೆಸರಿಗಷ್ಟೇ ಇಸ್ಲಾಮಿಕ್ ದೇಶ" ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಮೊದಲನೆಯವರು ಸುಮ್ನೆ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಎರಡನೆಯವರು ಒಂದಲ್ಲ ಒಂದು ದಿನ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಕೈ ಕಡಿಯುವುದು ಇಲ್ಲಿ ಇಲ್ಲ. ಕುವೈತ್‌ನ ದಂಡಸಂಹಿತೆ 1960ರದ್ದು. ಅದರಲ್ಲಿ ಕಳ್ಳತನಕ್ಕೆ ಇರುವುದು ಜೈಲು, ದಂಡ. ಹಾಗಂತ ಧರ್ಮ ಬಾಗಿಲ ಹೊರಗೆ ನಿಂತಿಲ್ಲ. ಎಲ್ಲಿ ಒಳಗಿದೆ, ಎಲ್ಲಿ ಹೊರಗಿದೆ ಅನ್ನುವುದು ಗೊತ್ತಾಗಬೇಕಾದರೆ 1962ರ ನವೆಂಬರ್‌ನಲ್ಲಿ ಬಂದ ಇಲ್ಲಿನ ಸಂವಿಧಾನದ ಎರಡನೇ ವಿಧಿಯಿಂದ ಶುರುಮಾಡಬೇಕು.

ಆ ವಿಧಿ ಹೇಳುವುದು ಇಷ್ಟೇ: ರಾಜ್ಯದ ಧರ್ಮ ಇಸ್ಲಾಂ, ಶರಿಯಾ ಕಾನೂನಿನ ಒಂದು ಮುಖ್ಯ ಮೂಲ. ಈ "ಒಂದು" ಮೇಲೆ ಅರವತ್ತು ವರ್ಷದಿಂದ ಜಗಳ ನಡೆದಿದೆ. ಅರಬ್ಬಿಯಲ್ಲಿ ಇದು "ಅಲ್" ಅನ್ನುವ ಪುಟ್ಟ ಪದದ ಪ್ರಶ್ನೆ. "ಅಲ್" ಇಲ್ಲದಿದ್ದರೆ ಹಲವು ಮೂಲಗಳಲ್ಲಿ ಒಂದು. "ಅಲ್" ಸೇರಿಸಿದರೆ ಇದೊಂದೇ. ಕನ್ನಡದಲ್ಲಿ ನಾವು "ಏ" ಹಚ್ಚಿ ಹೇಳುತ್ತೇವಲ್ವಾ, ಹಾಗೆ. "ಶರಿಯಾ ಮೂಲ" ಅನ್ನುವುದಕ್ಕೂ "ಶರಿಯಾವೇ ಮೂಲ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಸಂವಿಧಾನ ಬರೆದವರು ಬೇಕೆಂದೇ "ಅಲ್" ಬಿಟ್ಟರು. ಬೇರೆ ಕಡೆಯಿಂದಲೂ ಕಾನೂನು ತರುವ ದಾರಿ ತೆರೆದಿಟ್ಟುಕೊಂಡರು. ಅದೇ ಸಂವಿಧಾನದ ಆರನೇ ವಿಧಿ ಇದು ಪ್ರಜಾಪ್ರಭುತ್ವ, ಅಧಿಕಾರದ ಮೂಲ ಜನ ಅನ್ನುತ್ತದೆ. ನಾಲ್ಕನೇ ವಿಧಿ ಗದ್ದುಗೆ ಮುಬಾರಕ್ ಅಲ್ ಸಬಾಹ್ ಅವರ ವಂಶಕ್ಕೆ ಸೇರಿದ್ದು ಅನ್ನುತ್ತದೆ. ಧರ್ಮ, ಜನ, ಮನೆತನ ಮೂರೂ ಒಂದೇ ಪುಸ್ತಕದ ಮೊದಲ ಆರು ವಿಧಿಗಳಲ್ಲಿ ಕೂತಿವೆ.

ಇಲ್ಲಿ ಹಲವರು ಒಂದು ಲೆಕ್ಕ ತಪ್ಪುತ್ತಾರೆ. ಸಂಸತ್ತು ಅಂದರೆ ಸೆಕ್ಯುಲರ್, ರಾಜಮನೆತನ ಅಂದರೆ ಧರ್ಮ ಅಂದುಕೊಳ್ಳುತ್ತಾರೆ. ಕುವೈತ್‌ನಲ್ಲಿ ಎಷ್ಟೋ ಸಲ ಇದು ತಲೆಕೆಳಗಾಗಿ ನಡೆದಿದೆ.

ಮಜ್ಲಿಸ್ ಅಲ್ ಉಮ್ಮಾ ಅಂದರೆ ಇಲ್ಲಿನ ಸಂಸತ್ತು. ಜನ ಆರಿಸುವ 50 ಸದಸ್ಯರು, ಜೊತೆಗೆ ಮಂತ್ರಿಗಳು. ಪಕ್ಷಗಳಿಗೆ ಕಾನೂನಿನ ಮಾನ್ಯತೆ ಇಲ್ಲ. ಆದರೂ ಮುಸ್ಲಿಂ ಬ್ರದರ್‌ಹುಡ್ ಒಲವಿನವರು, ಸಲಫಿಗಳು (ಕಟ್ಟಾ ಸಂಪ್ರದಾಯದ ಸುನ್ನಿಗಳು), ಶಿಯಾಗಳು, ಉದಾರವಾದಿಗಳು, ಬುಡಕಟ್ಟಿನ ಮುಖಂಡರು ಅಂತ ಗುಂಪುಗಳು ಎಲ್ಲರಿಗೂ ಗೊತ್ತು. ಮಂತ್ರಿಯನ್ನು ಎದುರು ನಿಲ್ಲಿಸಿ ಪ್ರಶ್ನೆ ಕೇಳುವ ಇಸ್ತಿಜ್ವಾಬ್ ಅನ್ನುವ ಅಸ್ತ್ರ ಈ ಸದಸ್ಯರ ಕೈಯಲ್ಲಿತ್ತು. ಕೊಲ್ಲಿಯ ಬೇರೆ ಯಾವ ಅರಸೊತ್ತಿಗೆಯಲ್ಲೂ ಇಷ್ಟು ಗಟ್ಟಿ ದನಿಯ ಸಂಸತ್ತು ಇರಲಿಲ್ಲ.

ಈ ಗಟ್ಟಿ ದನಿ ಕೇಳಿದ್ದೇನು? ಮದ್ಯ ನಿಷೇಧ ಬಂದದ್ದು 1964ರಲ್ಲಿ, ಮೊದಲ ಸಂಸತ್ತು ಕೂತ ಮರುವರ್ಷ. ವಿಶ್ವವಿದ್ಯಾಲಯದಲ್ಲಿ ಹುಡುಗ ಹುಡುಗಿಯರನ್ನು ಬೇರೆ ಕೂರಿಸುವ ಕಾಯ್ದೆ ಸಂಸತ್ತಿನದ್ದು, 1996ರದ್ದು. ಇನ್ನು ಹೆಂಗಸರ ಮತದ ಕತೆ ಕೇಳಿ. 1999ರ ಮೇ ತಿಂಗಳಲ್ಲಿ, ಸಂಸತ್ತು ವಿಸರ್ಜನೆ ಆಗಿದ್ದಾಗ, ಅಮೀರ್ (ಇಲ್ಲಿನ ದೊರೆ) ಶೇಖ್ ಜಾಬಿರ್ ಹೆಂಗಸರಿಗೆ ಮತದ ಹಕ್ಕು ಕೊಟ್ಟು ಆಜ್ಞೆ ಹೊರಡಿಸಿದರು. ಹೊಸದಾಗಿ ಆರಿಸಿ ಬಂದ ಸಂಸತ್ತು ಅದನ್ನು ಬೀಳಿಸಿತು. ಆಮೇಲೆ ಅದೇ ವಿಷಯದ ಮಸೂದೆ ತಂದರು, ಅದೂ 32-30ರಲ್ಲಿ ಸೋತಿತು. ವಿರೋಧಿಸಿದವರೆಲ್ಲ ಧಾರ್ಮಿಕರಲ್ಲ. ಸಂಸತ್ತಿನ ಬೆನ್ನ ಹಿಂದೆ ಆಜ್ಞೆ ಹೊರಡಿಸಿದ್ದೇ ತಪ್ಪು ಅಂದ ಉದಾರವಾದಿಗಳೂ ಇದ್ದರು. ಹಕ್ಕು ಸಿಕ್ಕಿದ್ದು 2005ರ ಮೇ 16ರಂದು, ಶರಿಯಾದ ನಿಯಮಗಳಿಗೆ ಬದ್ಧರಾಗಿರಬೇಕು ಅನ್ನುವ ಸಾಲಿನೊಂದಿಗೆ. 2009ರಲ್ಲಿ ನಾಲ್ವರು ಹೆಂಗಸರು ಗೆದ್ದು ಬಂದರು. ಅವರಲ್ಲಿ ಇಬ್ಬರು ತಲೆಗೆ ಬಟ್ಟೆ ಹಾಕುತ್ತಿರಲಿಲ್ಲ. ಹಾಗಾದರೆ ಆ ಸಾಲಿನ ಗತಿ ಏನು ಅಂತ ಪ್ರಕರಣ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. ಹಿಜಾಬ್ ಕಡ್ಡಾಯವಲ್ಲ ಅಂತ ತೀರ್ಪು ಬಂತು.

2012ರಲ್ಲಿ ಧಾರ್ಮಿಕ ಗುಂಪುಗಳು ಸಂಸತ್ತಿನಲ್ಲಿ ಜೋರಾಗಿದ್ದವು. ಎರಡನೇ ವಿಧಿ ತಿದ್ದಬೇಕು ಅಂತ ಹೊರಟರು. ಮತ್ತೆ ಅದೇ "ಅಲ್"! ದೇವನಿಂದನೆಗೆ ಮರಣದಂಡನೆ ಕೊಡುವ ಮಸೂದೆಯನ್ನೂ ಪಾಸು ಮಾಡಿದರು. ಎರಡಕ್ಕೂ ಅಡ್ಡ ನಿಂತವರು ಅಮೀರ್ ಶೇಖ್ ಸಬಾಹ್. ಮತ ಹಾಕಿದ ಜನರ ಪ್ರತಿನಿಧಿಗಳು ಇನ್ನಷ್ಟು ಶರಿಯಾ ಕೇಳಿದರು, ಯಾರೂ ಆರಿಸದ ದೊರೆ ಬೇಡ ಅಂದರು. ಇದರಲ್ಲಿ ಯಾವುದು ಇಸ್ಲಾಮಿಕ್ ಆಡಳಿತ, ಯಾವುದು ಪ್ರಜಾಪ್ರಭುತ್ವ ಅಂತ ಗೆರೆ ಎಳೆಯುವುದು ಅಷ್ಟು ಸುಲಭವಲ್ಲ.

ಈ ವಾದವನ್ನು ಕಿವಿಯಾರೆ ಕೇಳಬೇಕಾದರೆ ದಿವಾನಿಯಾಕ್ಕೆ ಹೋಗಬೇಕು. ಕುವೈತಿ ಮನೆಗಳಲ್ಲಿ ಗಂಡಸರು ಸಂಜೆ ಸೇರಿ ಹರಟುವ ಕೋಣೆ ಅದು. ಚುನಾವಣೆ ಇದ್ದಾಗ ಗೆಲ್ಲುವುದೂ ಸೋಲುವುದೂ ಅಲ್ಲೇ. ಒಬ್ಬ ಹಿರಿಯರು ಹೇಳುತ್ತಾರೆ: ಕುರಾನ್‌ನಲ್ಲೇ ಶೂರಾ ಇದೆ, ಅಂದರೆ ಕೂತು ಸಮಾಲೋಚಿಸಿ ನಡೆಯುವುದು, ಸಂಸತ್ತು ಅದೇ ತಾನೆ, ಪಶ್ಚಿಮದಿಂದ ಸಾಲ ತರಬೇಕಾಗಿಲ್ಲ. ಪಕ್ಕದವರು ಒಪ್ಪುವುದಿಲ್ಲ. ಶೂರಾ ದೇವರು ಹಾಕಿದ ಗೆರೆಯ ಒಳಗೆ ನಡೆಯುವ ಮಾತು, ಬಹುಮತ ಆ ಗೆರೆ ದಾಟುವ ಹಾಗಿಲ್ಲ ಅನ್ನುತ್ತಾರೆ. ಮೂರನೆಯವರು, ಹೆಚ್ಚಾಗಿ ಹೊರದೇಶದಲ್ಲಿ ಓದಿ ಬಂದವರು, ಗೆರೆ ಎಲ್ಲಿದೆ ಅಂತ ಹೇಳುವವರು ಯಾರು, ಅವರನ್ನು ಆರಿಸಿದವರು ಯಾರು ಅಂತ ಕೇಳುತ್ತಾರೆ. ನನಗೆ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟದ್ದು ಅನ್ನಿಸುತ್ತದೆ. ಆದರೆ "ಪಶ್ಚಿಮದ ಸೆಕ್ಯುಲರ್ ಮಾದರಿ" ಅಂತ ಯಾರಾದರೂ ಶುರುಮಾಡಿದರೆ ಮೊದಲನೆಯವರ ಹತ್ತಿರ ಉತ್ತರ ಸಿದ್ಧವಿರುತ್ತದೆ. ಯಾವ ಪಶ್ಚಿಮ? ಫ್ರಾನ್ಸ್ 1905ರ ಕಾಯ್ದೆಯಿಂದ ಚರ್ಚನ್ನೂ ಸರ್ಕಾರವನ್ನೂ ಬೇರೆ ಮಾಡಿತು. ಬ್ರಿಟನ್‌ನಲ್ಲಿ ದೊರೆಯೇ ಇಂಗ್ಲೆಂಡ್ ಚರ್ಚಿನ ಮುಖ್ಯಸ್ಥ, 26 ಬಿಷಪ್‌ಗಳಿಗೆ ಮೇಲ್ಮನೆಯಲ್ಲಿ ಕುರ್ಚಿ ಇದೆ.

ಈಗ ಈ ಮಾತುಗಳ ದನಿ ತಗ್ಗಿದೆ. 2024ರ ಏಪ್ರಿಲ್ 4ರಂದು ಚುನಾವಣೆ ನಡೆಯಿತು. ಹೊಸ ಸಂಸತ್ತು ಕೂರುವ ಮೊದಲೇ, ಮೇ 10ರಂದು ಅಮೀರ್ ಶೇಖ್ ಮಿಶಾಲ್ ಅದನ್ನು ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷ ಮೀರದ ಅವಧಿಗೆ ತಡೆಹಿಡಿದರು. 1976ರಲ್ಲೂ 1986ರಲ್ಲೂ ಹೀಗೇ ಆಗಿತ್ತು. ಈಗ ಕಾಯ್ದೆ ಬರುವುದು ಅಮೀರ್ ಆಜ್ಞೆಯ ರೂಪದಲ್ಲಿ, ಬೇಗ ಬೇಗ. 2025ರಲ್ಲಿ ದಂಡಸಂಹಿತೆಯ 153ನೇ ಕಲಮು ಹೀಗೇ ರದ್ದಾಯಿತು. ವ್ಯಭಿಚಾರ ಕಣ್ಣಾರೆ ಕಂಡು ಹೆಂಡತಿಯನ್ನೋ ಮಗಳನ್ನೋ ತಂಗಿಯನ್ನೋ ಕೊಂದ ಗಂಡಸಿಗೆ ಹೆಚ್ಚೆಂದರೆ ಮೂರು ವರ್ಷ ಜೈಲು ಅನ್ನುತ್ತಿದ್ದ ಕಲಮು ಅದು. ಅದನ್ನು ತೆಗೆಯಿರಿ ಅಂತ ಇಲ್ಲಿನ ಹೆಂಗಸರು ವರ್ಷಗಟ್ಟಲೆ ಹೋರಾಡಿದ್ದರು, ಸಂಸತ್ತು ಇದ್ದಾಗ ಆಗಿರಲಿಲ್ಲ. ಇದನ್ನು ಶರಿಯಾ ಅಂದುಕೊಂಡವರು ತುಂಬ ಜನ. ಅರಬ್ ದೇಶಗಳ ಇಂಥ ಕಲಮುಗಳ ಬೇರು ಇರುವುದು 1810ರ ಫ್ರಾನ್ಸ್ ದಂಡಸಂಹಿತೆಯಲ್ಲಿ!

ಇನ್ನು ನಮ್ಮ ವಿಷಯ. ಈ ದೇಶದಲ್ಲಿ ಇರುವವರಲ್ಲಿ ಪೌರರು ಸುಮಾರು ಮೂರರಲ್ಲಿ ಒಂದು ಪಾಲು. ಉಳಿದವರು ಹೊರಗಿನವರು, ಅವರಲ್ಲಿ ಭಾರತೀಯರದ್ದೇ ದೊಡ್ಡ ಗುಂಪು. ನಮಗೆ ಮತ ಇಲ್ಲ, ಎಷ್ಟು ವರ್ಷ ಇದ್ದರೂ ಪೌರತ್ವದ ಆಸೆ ಇಟ್ಟುಕೊಳ್ಳಬೇಡಿ. 1982ರ ತಿದ್ದುಪಡಿಯಿಂದ ಅರ್ಜಿ ಹಾಕಿ ಪೌರರಾಗುವ ದಾರಿ ಮುಸ್ಲಿಮರಿಗೆ ಮಾತ್ರ, ಅದೂ ಬಲು ಇಕ್ಕಟ್ಟಿನ ದಾರಿ.

ದಿನದ ಬದುಕಿನಲ್ಲಿ ನಿಮಗೆ ಜಾಸ್ತಿ ತಾಗುವುದು ಧರ್ಮದ ಕಾನೂನಲ್ಲ, ಇಖಾಮಾ (ಇಲ್ಲಿ ವಾಸಿಸುವ ಪರವಾನಗಿ) ಮತ್ತು ಕೆಲಸದ ಕಾನೂನು. ಖಾಸಗಿ ಕೆಲಸದವರ ಇಖಾಮಾ 18ನೇ ಕಲಮಿನದ್ದು, ಮನೆಗೆಲಸದವರದ್ದು 20, ಹೆಂಡತಿ ಮಕ್ಕಳದ್ದು 22. ಖಾಸಗಿ ಕೆಲಸಕ್ಕೆ 2010ರ 6ನೇ ಕಾಯ್ದೆ, ಮನೆಗೆಲಸಕ್ಕೆ 2015ರ 68ನೇ ಕಾಯ್ದೆ. ತಿಂಗಳ ಸಂಬಳದವರಿಗೆ ಕೆಲಸ ಮುಗಿದಾಗ ಸಿಗಬೇಕಾದ ಗ್ರಾಚುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 15 ದಿನದ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು, ಒಟ್ಟು ಒಂದೂವರೆ ವರ್ಷದ ಸಂಬಳ ಮೀರುವಂತಿಲ್ಲ. ರಾಜೀನಾಮೆ ಕೊಟ್ಟರೆ ಲೆಕ್ಕ ಬೇರೆ. 2025ರ ಜುಲೈ 1ರಿಂದ 18ರವರು ದೇಶ ಬಿಡುವ ಮೊದಲು ಕಂಪನಿಯ ಒಪ್ಪಿಗೆಯಿರುವ ನಿರ್ಗಮನ ಪರವಾನಗಿ ಪಡೆಯಬೇಕು. ಟಿಕೆಟ್ ತೆಗೆಯುವ ಮೊದಲೇ ಇದನ್ನು ಮಾಡಿಸಿಕೊಳ್ಳಿ.

ಧರ್ಮ ನೇರವಾಗಿ ಬರುವುದು ಮನೆಯ ಒಳಗಿನ ವಿಷಯದಲ್ಲಿ. ಮದುವೆ, ವಿಚ್ಛೇದನ, ಮಕ್ಕಳು ಯಾರ ಜೊತೆ, ಆಸ್ತಿ ಯಾರಿಗೆ. ಕುವೈತಿ ಸುನ್ನಿಗಳಿಗೆ 1984ರ 51ನೇ ಕಾಯ್ದೆ, ಶಿಯಾಗಳಿಗೆ ಅವರ ಪಂಥದ ಜಾಫರಿ ನಿಯಮ. ಹೊರದೇಶದವರಿಗೆ 1961ರ 5ನೇ ಕಾಯ್ದೆ ಇದೆ. ಉತ್ತರಾಧಿಕಾರದಲ್ಲಿ ಅದು ಸತ್ತವರ ದೇಶದ ಕಾನೂನನ್ನು ನೋಡಿ ಅನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಿಮ್ಮ ದೇಶದ ಕಾನೂನು ಏನು ಅಂತ ತೋರಿಸುವ ಕೆಲಸ ನಿಮ್ಮದು, ಅದೂ ಅರಬ್ಬಿಯಲ್ಲಿ, ಮುದ್ರೆ ಬಿದ್ದ ಕಾಗದಗಳೊಂದಿಗೆ. ಮದುವೆ ಪತ್ರ, ಮಕ್ಕಳ ಜನನ ಪತ್ರ ದೃಢೀಕರಿಸಿ ಅರಬ್ಬಿಗೆ ಅನುವಾದ ಮಾಡಿಸಿ ಇಟ್ಟುಕೊಳ್ಳಿ. ಉಯಿಲು ಬರೆದಿಡಿ. ಗಂಡ ಹೆಂಡತಿ ಬೇರೆ ಬೇರೆ ಧರ್ಮದವರಾದರೆ ವಕೀಲರನ್ನು ಕಾಣದೆ ಏನೂ ಮಾಡಬೇಡಿ, ಅಲ್ಲಿ ಊಹೆ ನಡೆಯುವುದಿಲ್ಲ.

ಪೂಜೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಸಂವಿಧಾನದ 35ನೇ ವಿಧಿ ನಂಬಿಕೆಗೆ ಪೂರ್ತಿ ಸ್ವಾತಂತ್ರ್ಯ ಕೊಡುತ್ತದೆ, ಆಚರಣೆಗೆ ಮಾತ್ರ "ರೂಢಿಯಂತೆ, ಸಾರ್ವಜನಿಕ ನೀತಿಗೆ ಧಕ್ಕೆ ಬಾರದಂತೆ" ಅನ್ನುವ ಕಟ್ಟು. ಚರ್ಚುಗಳಿವೆ. ಹಿಂದೂ ದೇವಸ್ಥಾನಕ್ಕೆ ಅನುಮತಿ ಇಲ್ಲ, ಪೂಜೆ ಮನೆಯೊಳಗೆ ಮಾಡಿಕೊಳ್ಳಬೇಕು. ರಂಜಾನ್‌ನಲ್ಲಿ ಹಗಲು ಬೀದಿಯಲ್ಲಿ ತಿಂದರೆ, ಕುಡಿದರೆ 100 ದಿನಾರ್‌ವರೆಗೆ ದಂಡ, ಒಂದು ತಿಂಗಳವರೆಗೆ ಜೈಲು. ಇದು 1968ರ ಕಾಯ್ದೆ, ಕಾರಿನೊಳಗೆ ನೀರು ಕುಡಿದರೂ ಯಾರಾದರೂ ನೋಡಬಹುದು.

ಮೆರವಣಿಗೆ, ಪ್ರತಿಭಟನೆ ಹತ್ತಿರ ಸುಳಿಯಲೇಬೇಡಿ. 1979ರ ಕಾಯ್ದೆ ಹೊರದೇಶದವರಿಗೆ ಅದನ್ನು ಪೂರ್ತಿ ಮುಚ್ಚಿದೆ. ಉದ್ದೇಶ ಏನೇ ಇರಲಿ. 2022ರ ಜೂನ್‌ನಲ್ಲಿ ಫಹಾಹೀಲ್‌ನಲ್ಲಿ ಹೊರದೇಶದ ಕೆಲವರು ಶುಕ್ರವಾರದ ನಮಾಜಿನ ನಂತರ ಪ್ರವಾದಿಯವರ ಪರವಾಗಿಯೇ ಘೋಷಣೆ ಕೂಗಿದರು. ಅವರನ್ನು ಹಿಡಿದು ಗಡೀಪಾರು ಮಾಡುತ್ತೇವೆ ಅಂತ ಸರ್ಕಾರ ಹೇಳಿತು. ಅಮೀರ್ ಬಗ್ಗೆ, ಧರ್ಮಗಳ ಬಗ್ಗೆ ವಾಟ್ಸಾಪ್‌ನಲ್ಲಿ ಬರೆಯುವಾಗಲೂ ಇದೇ ಎಚ್ಚರ ಇರಲಿ. ಗಡೀಪಾರಿಗೆ ಕೋರ್ಟಿನ ತೀರ್ಪೇ ಬೇಕು ಅಂತಿಲ್ಲ, ಒಳಾಡಳಿತ ಇಲಾಖೆಯ ಆದೇಶ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ, ಕುವೈತಿ ಸಹೋದ್ಯೋಗಿ ದಿವಾನಿಯಾಕ್ಕೆ ಕರೆದರೆ ತಪ್ಪಿಸಿಕೊಳ್ಳಬೇಡಿ. ಒಳಗೆ ಹೋದಾಗ ಎಲ್ಲರಿಗೂ ಸಲಾಂ ಹೇಳಿ, ಕೈ ಕುಲುಕಿ ಕೂರಿ. ರಾಜಕೀಯ ಬಂದರೆ ಕೇಳಿಸಿಕೊಳ್ಳಿ. "ನಿಮ್ಮ ದೇಶದಲ್ಲಿ ಹೇಗೆ?" ಅಂತ ಖಂಡಿತ ಕೇಳುತ್ತಾರೆ, ಅದಕ್ಕೆ ಧಾರಾಳವಾಗಿ ಉತ್ತರ ಕೊಡಿ. ಗಹ್ವಾ (ಅರಬ್ಬಿ ಕಾಫಿ) ಸುರಿಯುವವರು ಲೋಟ ಖಾಲಿಯಾದ ಹಾಗೆಲ್ಲ ಮತ್ತೆ ತುಂಬುತ್ತಲೇ ಇರುತ್ತಾರೆ. ಸಾಕು ಅನ್ನಿಸಿದಾಗ ಬಾಯಲ್ಲಿ ಹೇಳಬೇಕಾಗಿಲ್ಲ, ಲೋಟವನ್ನು ಸ್ವಲ್ಪ ಅಲ್ಲಾಡಿಸಿ ವಾಪಸ್ ಕೊಡಿ.