ಕಚೇರಿಯ ಕಂಪ್ಯೂಟರುಗಳು ರಾತ್ರಿಯಿಡೀ ಚಾಲೂ ಇರದಂತೆ ನೋಡಿಕೊಳ್ಳುವುದು ಹೇಗೆ?

ಕಂಪನಿಗಳಲ್ಲಿ ವಿದ್ಯುತ್ ಉಳಿತಾಯದ ಚರ್ಚೆ ಎದ್ದಾಗ ಛಾವಣಿಯ ಸೌರಫಲಕಗಳ ಮಾತೇ ಮೊದಲು ಬರುತ್ತದೆ. ಆದರೆ ಹೊಸ ಖರ್ಚಿಲ್ಲದೆ ಕೈಗೆಟಕುವ ಉಳಿತಾಯವಿರುವುದು ಡೆಸ್ಕ್‌ಟಾಪ್‌ಗಳ ಸ್ಲೀಪ್ ಸೆಟ್ಟಿಂಗ್‌ನಲ್ಲಿ, ಅಂದರೆ ಕೆಲಸವಿಲ್ಲದಾಗ ಯಂತ್ರವನ್ನು ತಾನಾಗಿಯೇ ಮಲಗಿಸುವ ಏರ್ಪಾಡಿನಲ್ಲಿ. ಕೆಲಸವಿಲ್ಲದೆ ಚಾಲೂ ಇರುವ ಯಂತ್ರವೊಂದು 50 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ, ಅಂಥ 100 ಯಂತ್ರಗಳು ರಾತ್ರಿಯ 14 ಗಂಟೆಗಳಲ್ಲಿ 70 ಯೂನಿಟ್ ನುಂಗುತ್ತವೆ. ಸ್ಲೀಪ್ ಸ್ಥಿತಿಯಲ್ಲಿ ಒಂದೊಂದಕ್ಕೂ ಸಾಕಾಗುವುದು ಕೆಲವೇ ವ್ಯಾಟ್. ಸ್ಕ್ರೀನ್‌ಸೇವರ್‌ನಿಂದ ಮಾತ್ರ ಏನೂ ಉಳಿಯುವುದಿಲ್ಲ, ಪರದೆಯನ್ನೇ ಆರಿಸಬೇಕು.

ಈ ಸೆಟ್ಟಿಂಗ್ ಅನ್ನು ಒಬ್ಬೊಬ್ಬ ಸಿಬ್ಬಂದಿಯ ಇಚ್ಛೆಗೆ ಬಿಡದೆ, ಒಂದೇ ಕಡೆಯಿಂದ ಸೆಟ್ಟಿಂಗ್‌ಗಳನ್ನು ನಿಯಂತ್ರಿಸುವ ವಿಂಡೋಸ್‌ನ ಗ್ರೂಪ್ ಪಾಲಿಸಿಯ ಮೂಲಕ ಎಲ್ಲ ಯಂತ್ರಗಳಿಗೂ ಒಮ್ಮೆಲೇ ಜಾರಿ ಮಾಡುವುದು ಒಳ್ಳೆಯದು. ರಾತ್ರಿ ಅಪ್‌ಡೇಟ್ ಹಾಕಬೇಕಲ್ಲ ಎಂಬ ಆಕ್ಷೇಪ ಐಟಿ ವಿಭಾಗದಿಂದ ಬಂದೇ ಬರುತ್ತದೆ. ಬಯಾಸ್‌ನಲ್ಲಿಯೂ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓಡುವ ಮೂಲ ತಂತ್ರಾಂಶ) ನೆಟ್‌ವರ್ಕ್ ಕಾರ್ಡಿನ ಆಯ್ಕೆಗಳಲ್ಲಿಯೂ ವೇಕ್-ಆನ್-ಲ್ಯಾನ್ ಸೌಲಭ್ಯವನ್ನು ತೆರೆದಿಟ್ಟರೆ, ಮಲಗಿರುವ ಯಂತ್ರವನ್ನು ನೆಟ್‌ವರ್ಕ್ ಮೂಲಕವೇ ಎಬ್ಬಿಸಿ, ಅಪ್‌ಡೇಟ್ ಮುಗಿಸಿ, ಮತ್ತೆ ಮಲಗಿಸಬಹುದು. ಲ್ಯಾಪ್‌ಟಾಪ್‌ಗಳು ವೈಫೈಯಲ್ಲಿದ್ದರೆ ಇದು ಅಷ್ಟು ನಂಬಿಕೆಗೆ ಅರ್ಹವಲ್ಲವಾದ್ದರಿಂದ ಅವುಗಳ ಅಪ್‌ಡೇಟ್ ಅನ್ನು ಹಗಲಿನ ಊಟದ ಹೊತ್ತಿಗೆ ಇಟ್ಟುಕೊಳ್ಳಿ.

ಕೆಲವು ಯಂತ್ರಗಳು ಏನು ಮಾಡಿದರೂ ಮಲಗುವುದಿಲ್ಲ. ಆಗ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ‘ಪವರ್‌ಸಿಎಫ್‌ಜಿ’ ಆದೇಶವನ್ನು ‘ರಿಕ್ವೆಸ್ಟ್ಸ್’ ಆಯ್ಕೆಯೊಂದಿಗೆ (powercfg /requests) ಕೊಟ್ಟರೆ, ಯಾವ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ) ಅಥವಾ ಬೇರೆ ತಂತ್ರಾಂಶ ಅಡ್ಡಿಪಡಿಸುತ್ತಿದೆ ಎಂಬುದು ಹೆಸರು ಸಹಿತ ಕಾಣುತ್ತದೆ. ಎಷ್ಟೋ ಸಲ ಅದು ಬ್ರೌಸರಿನಲ್ಲಿ ಯಾರೋ ಬಿಟ್ಟುಹೋದ ಹಾಡಾಗಿರುತ್ತದೆ.

ಸರ್ವರ್ ಕೋಣೆಯಿದ್ದವರು ಎಸಿಯನ್ನು 18 ಡಿಗ್ರಿಗೇ ಅಂಟಿಸಬೇಕಿಲ್ಲ. ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಅಮೆರಿಕದ ಆಶ್ರೇ ಸಂಸ್ಥೆಯ ಶಿಫಾರಸಿನಂತೆ ಸರ್ವರ್‌ಗಳ ಒಳಹೋಗುವ ಗಾಳಿ 27 ಡಿಗ್ರಿಯವರೆಗೂ ಇರಬಹುದು; ಆದರೆ ಉಷ್ಣತೆಯನ್ನು ಅಳೆಯಬೇಕಾದದ್ದು ಸರ್ವರ್‌ಗಳನ್ನು ಜೋಡಿಸಿಟ್ಟ ರ‍್ಯಾಕಿನ ಮುಂಭಾಗದಲ್ಲಿ, ಗೋಡೆಯ ಮೇಲಲ್ಲ.